ಗಿಲಾವಿನ ಬಣ್ಣ

ನಮ್ಮ ಕಡೆ ಮನೆ ಕಟ್ಟುವವರ ರೊಕ್ಕ ಗಿಲಾವಿನ ತನಕ ಬಂದು ನಿಲ್ಲುತ್ತದೆ. ಪಾಯ ತೆಗೆಯುವಾಗಿನ ಹುರುಪು ಸ್ಲ್ಯಾಬ್ ಹಾಕುವಾಗ ಅರ್ಧಕ್ಕೆ ಇಳಿದಿರುತ್ತದೆ. ಬಾಗಿಲು, ಕಿಟಕಿ, ಫರಸಿ ಆಗುವಷ್ಟರಲ್ಲಿ ಸೊಸೈಟಿ ಸಾಲವೂ ಮುಗಿದಿರುತ್ತದೆ, ಕಬ್ಬಿನ ಬಿಲ್ಲೂ ಮುಗಿದಿರುತ್ತದೆ. ಸಿಮೆಂಟಿನ ಗಿಲಾವು ಮಾಡಿಸಿ, ಒಂದು ಒಳ್ಳೆಯ ದಿನ ನೋಡಿ, ಹಾಲು ಉಕ್ಕಿಸಿ ಒಳಗೆ ಹೋಗಿಬಿಡುತ್ತಾರೆ. ಬಣ್ಣ ಮುಂದಿನ ವರ್ಷಕ್ಕೆ. ಮುಂದಿನ ವರ್ಷ ಬೋರು ಬತ್ತುತ್ತದೆ, ಅದರ ಮುಂದಿನ ವರ್ಷ ಮಗಳ ಮದುವೆ. ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯಲ್ಲಾಗಲಿ, ಘಟಪ್ರಭಾ ದಾಟಿ ಹುಕ್ಕೇರಿಯ ಕಡೆ ಹೊರಳಿದಾಗಾಗಲಿ, ಎಡಕ್ಕೆ ಬಲಕ್ಕೆ ಕಬ್ಬಿನ ಹೊಲದ ನಡುವೆ ಇಂಥ ಮನೆಗಳು ನಿಂತಿರುತ್ತವೆ. ಮುಂದೆ ತುಳಸಿಕಟ್ಟೆ, ಬಾಗಿಲಿಗೆ ಒಣಗಿದ ತೋರಣ, ಒಳಗೆ ಮೂರು ತಲೆಮಾರು, ಗೋಡೆಗೆ ಮಾತ್ರ ಬರೀ ಸಿಮೆಂಟು.

ಆ ಬೂದು ಬಣ್ಣವನ್ನು ನಮ್ಮ ಜನ ಓದುತ್ತಾರೆ. ಕನ್ಯೆ ನೋಡಲು ಬಂದವರು ಚಹಾದ ಬಟ್ಟಲು ಕೈಗೆ ತೆಗೆದುಕೊಳ್ಳುವ ಮೊದಲು ಗೋಡೆ ನೋಡುತ್ತಾರೆ. ಗಿಲಾವು ಕಂಡರೆ ಸಾಲ ಇದೆ, ಕೈ ಬಿಗಿ ಇದೆ, ಹಿರಿಯ ಮಗ ಇನ್ನೂ ದಾರಿಗೆ ಬಂದಿಲ್ಲ ಎಂದು ಲೆಕ್ಕ ಹಾಕುತ್ತಾರೆ. ಸುಣ್ಣವೋ ಡಿಸ್ಟೆಂಪರೋ ಬಿದ್ದ ಗೋಡೆ ಅಂದರೆ ಆ ಮನೆ ಒಂದು ದಡ ಮುಟ್ಟಿತು ಎಂದು ಅರ್ಥ. ಇಂಥ ಸೀಮೆಯಲ್ಲಿ ನನ್ನ ಅಕ್ಕನ ಮಗ ಮೂಡಲಗಿಯ ಹೊಸ ಮನೆಯ ಒಳಗೋಡೆಗಳಿಗೆ ದುಡ್ಡು ಕೊಟ್ಟು ಬೂದು ಬಣ್ಣ ಹಚ್ಚಿಸುತ್ತೇನೆ ಅಂದಾಗ ಮನೆಯಲ್ಲಿ ಎದ್ದ ಗದ್ದಲವನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಾನು ಬಣ್ಣದ ಜೊತೆಗೇ ಬದುಕಿದವನು. ಗೋಕಾಕ ತಾಲೂಕಿನ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನೌಕರಿ ಮುಗಿಸಿದೆ. ಲೋವರ್, ಹೈಯರ್ ಪರೀಕ್ಷೆಗೆ ಕೂಡುವ ಹುಡುಗರಿಂದ ಮೊದಲು ಮಾಡಿಸುತ್ತಿದ್ದ ಕೆಲಸ ಬೂದಿಯ ಏಣಿ: ಒಂದು ತುದಿಗೆ ಬಿಳಿ, ಇನ್ನೊಂದು ತುದಿಗೆ ಕಪ್ಪು, ನಡುವೆ ಹಂತ ಹಂತವಾಗಿ ಬೂದು. ಯಾವ ಹುಡುಗನಿಗೂ ಅದು ಸೇರುತ್ತಿರಲಿಲ್ಲ. "ಸರ್, ಯಾವಾಗ ಬಣ್ಣ ಕೊಡ್ತೀರಿ?" ಎಂದು ಕೇಳುತ್ತಿದ್ದರು. ಅವರ ಲೆಕ್ಕದಲ್ಲಿ ಬೂದು ಬಣ್ಣವೇ ಅಲ್ಲ.

ಅವರದೇನೂ ತಪ್ಪಿಲ್ಲ. ಗೋಕಾಕ ಎಂದರೆ ಹೊರಗಿನವರಿಗೆ ಕರದಂಟು ಮತ್ತು ಫಾಲ್ಸು ನೆನಪಾಗುತ್ತವೆ. ಅದರ ಜೊತೆಗೆ ಹಿಂದಿನವರಿಗೆ ನೆನಪಾಗುತ್ತಿದ್ದದ್ದು ಇಲ್ಲಿಯ ಗೊಂಬೆ. ಹಗುರ ಕಟ್ಟಿಗೆಯಲ್ಲಿ, ಮಣ್ಣಿನಲ್ಲಿ ಮಾಡಿ ಬಣ್ಣ ಬಳಿದ ಮಾವಿನಹಣ್ಣು, ಬಾಳೆಹಣ್ಣು, ಬದನೆಕಾಯಿ, ದೇವರು, ಪೋಲೀಸಪ್ಪ. ಆ ಕೆಂಪು, ಹಳದಿ, ಹಸಿರು ಕಣ್ಣು ಕುಕ್ಕಬೇಕು, ಹಾಗಿದ್ದರೇ ಗೊಂಬೆ. ಆ ಬುಟ್ಟಿಯಲ್ಲಿ ಬೂದು ಬಣ್ಣಕ್ಕೆ ಜಾಗವಿರಲಿಲ್ಲ. ಮನೆಯ ಮಟ್ಟಿಗೆ ಹೇಳುವುದಾದರೆ ಬಾಗಿಲಿನ ಮೇಲೆ ದೃಷ್ಟಿಗೆಂದು ತೂಗಿಬಿಟ್ಟ ಕುಂಬಳಕಾಯಿಯೊಂದೇ ಬೂದಿ ಮೆತ್ತಿಕೊಂಡು ನೇತಾಡಬಹುದಿತ್ತು.

ಆದರೆ ನಮ್ಮ ಹಳೆಯ ಮನೆಗಳಲ್ಲಿ ಬೂದು ಇರಲಿಲ್ಲವೇ? ಬೇಕಾದಷ್ಟು ಇತ್ತು. ಗೋಡೆಯ ಮೇಲೆ ಇರಲಿಲ್ಲ, ಅಷ್ಟೇ. ಕಾಲ ಕೆಳಗೆ ಶಹಾಬಾದ ಫರಸಿ ಇತ್ತು, ಅಪ್ಪಟ ತಂಪು ಬೂದು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಚಾಪೆಯನ್ನೂ ಹಾಸದೆ ಮಲಗುತ್ತಿದ್ದೆವು. ತಲೆಯ ಮೇಲೆ ಮಾಳಿಗೆಗೆ ಹಾಳುಮಣ್ಣಿನ ಮೇಲ್ಮುದ್ದೆ. ಹಳೆಯ ಪಾಳುಗೋಡೆಗಳ ಹತ್ತಿರ ಅಗೆದು ತಂದ ಆ ಸವುಳು ಮಣ್ಣು ಒಣಗಿದರೆ ಬೂದಿಯಂತೆಯೇ ಕಾಣುತ್ತಿತ್ತು. ಮಳೆ ಬೀಳುವ ಮೊದಲು ಅದನ್ನು ಹೊಸದಾಗಿ ಹಾಕಿ ಬಡಿಯದಿದ್ದರೆ ಪಡಸಾಲೆಯಲ್ಲಿ ಬೋಗುಣಿ ಇಟ್ಟುಕೊಂಡು ಕೂಡಬೇಕಾಗುತ್ತಿತ್ತು. ಕೆಳಗೂ ಬೂದು, ಮೇಲೂ ಬೂದು. ನಡುವಿನ ಗೋಡೆ ಮಾತ್ರ ಬೆಳ್ಳಗೆ ಇರಬೇಕು, ಲಕ್ಷ್ಮಿ ಬರುವುದು ಬೆಳ್ಳಗಿನ ಗೋಡೆಗೆ.

ಆ ಬಿಳುಪನ್ನು ಮಾಡುವುದು ದೊಡ್ಡ ಕೆಲಸ. ನನ್ನ ಅವ್ವನ ತವರು ಹುಕ್ಕೇರಿ. ದಸರೆಯ ಮುಂಚೆ ಆಯಿಯ ಮನೆಯಲ್ಲಿ ಸುಣ್ಣ ಹಚ್ಚುವಾಗ ನಾವು ಮೊಮ್ಮಕ್ಕಳೆಲ್ಲ ಸೇರುತ್ತಿದ್ದೆವು. ಹಿತ್ತಲಿನ ಹಳೆಯ ಡಬ್ಬಿಯಲ್ಲಿ ಸುಣ್ಣದ ಹರಳು ಹಾಕಿ ನೀರು ಸುರಿದರೆ ಕೊತಕೊತ ಕುದಿಯುತ್ತಿತ್ತು. ಹತ್ತಿರ ಹೋದವರಿಗೆ ಆಯಿಯ ಬೈಗುಳ. ರಾತ್ರಿಯಿಡೀ ಗೋಣಿತಾಟು ಮುಚ್ಚಿಟ್ಟು, ಬೆಳಿಗ್ಗೆ ಹಳೆಯ ಧೋತರದಲ್ಲಿ ಸೋಸಿ, ಉದುರಬಾರದೆಂದು ಸರೇಸು ಕಾಯಿಸಿ ಹಾಕಿ, ಕೊನೆಗೆ ಆಯಿ ತನ್ನ ಕೈಯಾರೆ ರಾಬಿನ್ ನೀಲಿ ಕಲಸುತ್ತಿದ್ದಳು. ಅಂಗಿ ಧೋತರಕ್ಕೆ ಹಾಕುವ ಅದೇ ನೀಲಿ. ಸುಣ್ಣಕ್ಕೆ ಒಳಗೊಳಗೇ ಒಂದು ಹಳದಿ ಛಾಯೆ ಇರುತ್ತದೆ. ನೀಲಿ ಅದನ್ನು ಕೊಲ್ಲುತ್ತದೆ, ಗೋಡೆ ಇನ್ನೂ ಬೆಳ್ಳಗೆ ಕಾಣುತ್ತದೆ. ಈ ವಿದ್ಯೆ ಆಯಿಗೆ ಯಾರೂ ಪುಸ್ತಕದಿಂದ ಕಲಿಸಿದ್ದಲ್ಲ.

ಹಸಿಯಿದ್ದಾಗ ಸುಣ್ಣದ ಗೋಡೆ ಮಂಕಾಗಿ, ಹಚ್ಚಿದ್ದು ವ್ಯರ್ಥವಾಯಿತೇನೋ ಅನ್ನುವಂತೆ ಕಾಣುತ್ತದೆ. ಒಣಗುತ್ತ ಬಂದ ಹಾಗೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಆಗ ಬಿಳುಪು ಏಳುತ್ತದೆ. ಆಯಿಯ ಕೈ ಒಂದು ಚಿಟಿಕೆ ಜೋರಾದರೆ ಗೋಡೆ ಬಿಳಿಯ ಗಡಿ ದಾಟಿ ತಿಳಿಯಾದ ನೀಲಿಬೂದಿಗೆ ಹೋಗಿಬಿಡುತ್ತಿತ್ತು. ಈಗ ಶೇಡ್ ಕಾರ್ಡುಗಳಲ್ಲಿ ತಂಪು ಬೂದು ಎಂದು ದೊಡ್ಡ ದೊಡ್ಡ ಇಂಗ್ಲಿಷ್ ಹೆಸರಿಟ್ಟು ಮಾರುವ ಬಣ್ಣಗಳಲ್ಲಿ ಅತಿ ತಿಳಿಯಾದದ್ದನ್ನು ನೋಡಿದಾಗೆಲ್ಲ ನನಗೆ ಹುಕ್ಕೇರಿಯ ಆ ಪಡಸಾಲೆಯ ಗೋಡೆ ನೆನಪಾಗುತ್ತದೆ. ಕೆಳಗೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ, ಮೇಲೆ ನೀಲಿ ಹಾಕಿದ ಸುಣ್ಣ. ಆ ಕೆಂಪು ಪಟ್ಟಿಯಿಂದಾಗಿಯೇ ಮೇಲಿನ ಗೋಡೆ ಮತ್ತಷ್ಟು ತಂಪಾಗಿ ಕಾಣುತ್ತಿತ್ತು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಹುಕ್ಕೇರಿಯ ಗೋಡೆ ಹಗಲಿಗೊಂದು, ರಾತ್ರಿಗೊಂದು ಬಣ್ಣ. ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಆಯಿತು. ದೇಶದಲ್ಲಿ ಮೊಟ್ಟಮೊದಲು ಇಂಥವು ಐದು ಆದವು, ಅದರಲ್ಲಿ ಇದೊಂದು. ಸರ್ಕಾರದ ಮಂಡಳಿಯ ಬದಲು ಸದಸ್ಯರದೇ ಸಂಘ ಊರೂರಿಗೆ ಕರೆಂಟು ಕೊಡುವುದು ರಾಜ್ಯದಲ್ಲಿ ಬೇರೆಲ್ಲೂ ಇಲ್ಲ ಎಂದು ನನ್ನ ಮಾವಂದಿರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆಯಿಯ ಪಡಸಾಲೆಗೆ ಬಂದದ್ದು ಒಂದು ನಲವತ್ತು ವ್ಯಾಟಿನ ಬಲ್ಬು. ಹಗಲಿಗೆ ನೀಲಿಯಾಡುವ ಗೋಡೆ, ಆ ಹಳದಿ ಬೆಳಕಿನಲ್ಲಿ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಟ್ಯೂಬ್‌ಲೈಟು ಬಂತು. ಅದೇ ಸುಣ್ಣ, ಅದೇ ನೀಲಿ. ಆದರೆ ರಾತ್ರಿ ಊಟಕ್ಕೆ ಕುಳಿತ ಮಾವಂದಿರೆಲ್ಲ ಜ್ವರದಿಂದ ಎದ್ದು ಬಂದವರಂತೆ ಕಾಣತೊಡಗಿದರು. ಆ ವರ್ಷದಿಂದ ಆಯಿ ನೀಲಿಯನ್ನು ಕಡಿಮೆ ಮಾಡಿದಳು. ಬಣ್ಣವನ್ನು ದೀಪಕ್ಕೆ ತಕ್ಕಂತೆ ತಿದ್ದಬೇಕೆಂಬ ಪಾಠ ನನಗೆ ಕಾಲೇಜಿಗಿಂತ ಮೊದಲು ಸಿಕ್ಕದ್ದು ಅಲ್ಲಿ. ಸಂಜೆಗೆ ಊರಿನ ಆದಿಲ್‌ಶಾಹಿ ಗುಮ್ಮಟಗಳ ಕಡೆ ಆಡಲು ಹೋದರೆ, ಮಳೆ ಬಿಸಿಲು ತಿಂದು ಕಪ್ಪಾದ ಅವುಗಳ ಹಳೆಯ ಗಾರೆಯೂ ಇಳಿಬಿಸಿಲಿಗೆ ಜೇನಿನ ಬಣ್ಣ ತಾಳುತ್ತಿತ್ತು. ಬೂದು ಯಾವಾಗಲೂ ಬೆಳಕಿನ ಸಾಲದಲ್ಲೇ ಬದುಕುತ್ತದೆ.

ಗೋಕಾಕದ ನಮ್ಮ ಮನೆ ಕಟ್ಟಿದ್ದು 1982ರ ಸುಮಾರಿಗೆ. ಗೋಕಾಕ ಚಳವಳಿಯಿಂದ ನಮ್ಮ ಊರ ಹೆಸರು ರಾಜ್ಯದ ಮೂಲೆ ಮೂಲೆಯಲ್ಲಿ ಕೇಳಿಬರುತ್ತಿದ್ದ ವರ್ಷ. (ಆ ಗೋಕಾಕ ಎಂದರೆ ವರದಿ ಬರೆದ ವಿನಾಯಕ ಕೃಷ್ಣ ಗೋಕಾಕರು, ಅವರು ಹುಟ್ಟಿದ್ದು ಸವಣೂರಿನಲ್ಲಿ. ಆದರೂ ನಮ್ಮೂರಿನವರು ಚಳವಳಿ ತಮ್ಮದೇ ಎಂಬಂತೆ ಮೀಸೆ ತಿರುವಿದರು.) ಅಪ್ಪ ಫಾಲ್ಸಿನ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ. ಘಟಪ್ರಭೆ ನೂರಾ ಎಪ್ಪತ್ತು ಅಡಿ ಧುಮುಕುವ ಜಾಗದಲ್ಲಿ, ನೀರಿನ ಬಲವನ್ನೇ ನಂಬಿ 1885ರಲ್ಲಿ ಹುಟ್ಟಿದ ಗಿರಣಿ ಅದು. ಪಾಳಿ ಮುಗಿಸಿ ಬಂದ ಅಪ್ಪನ ಹುಬ್ಬು, ಕಿವಿ, ಕೈಕೂದಲ ಮೇಲೆಲ್ಲ ಹತ್ತಿಯ ಎಳೆ ಕೂತಿರುತ್ತಿದ್ದವು. ಅಂಥವನಿಗೆ ಮನೆ ಬೆಳ್ಳಗಿರಬೇಕೆಂಬ ಹಟವೇನೂ ಇರಲಿಲ್ಲ ಎಂದು ನಾವು ನಗುತ್ತಿದ್ದೆವು. ನಿಜ ಸಂಗತಿಯೆಂದರೆ ರೊಕ್ಕ ಇರಲಿಲ್ಲ. ನಮ್ಮ ಮನೆಯೂ ಗಿಲಾವಿನಲ್ಲೇ ನಿಂತಿತು. ಬರಿಯ ಸಿಮೆಂಟು ಗೋಡೆಯ ಮುಂದೆ ಬೆಳೆದವರಿಗೆ ಅದರ ಗುಣ ಗೊತ್ತು: ಬೆಳಕನ್ನು ನುಂಗುತ್ತದೆ, ಒಂದೊಂದು ಕಡೆ ಒಂದೊಂದು ಬಣ್ಣ ತೋರಿಸುತ್ತದೆ, ಕರಣೆ ಎಳೆದ ಗುರುತು ಅಲ್ಲಲ್ಲಿ ಉಳಿದಿರುತ್ತದೆ, ಬೆನ್ನು ತಾಗಿಸಿ ಕೂತರೆ ಅಂಗಿಗೆ ಪುಡಿ. ಎಲ್ಲಕ್ಕಿಂತ ಹೆಚ್ಚಾಗಿ ಅದು ಅವ್ವನಿಗೆ ದಿನಾ ಒಂದು ಮಾತು ನೆನಪಿಸುತ್ತಿತ್ತು. ನೆರೆಮನೆಯ ಹೆಂಗಸರು ಒಳಗೆ ಬಂದರೆ ಅವಳೇ ಮೊದಲು ಹೇಳಿಬಿಡುತ್ತಿದ್ದಳು: "ಇನ್ನಾ ಬಣ್ಣ ಆಗಬೇಕು ನೋಡ್ರೆವ್ವಾ."

ಅಕ್ಕನನ್ನು ನೋಡಲು ಮೂಡಲಗಿಯಿಂದ ಜನ ಬರುತ್ತಾರೆ ಎಂದಾಗ ಬಣ್ಣಕ್ಕೆ ಮುಹೂರ್ತ ಬಂತು. ಮುಂದಿನ ಗೋಡೆ ಮತ್ತು ಪಡಸಾಲೆಗೆ ಮಾತ್ರ. ಬಣ್ಣ ಹಚ್ಚಲು ಬಂದದ್ದು ನಮ್ಮ ಓಣಿಯ ಪೇಂಟರ್ ಕಾಕಾ. ಗೊಂಬೆ ಮಾಡುವ ಮನೆತನದವನು. ಗೊಂಬೆಗೆ ಗಿರಾಕಿ ಕಡಿಮೆಯಾದ ಮೇಲೆ ಗೋಡೆಗೆ ಬಂದವನು. ಆ ಕೈಯ ಅಳತೆ ನೋಡುವಂಥದ್ದು. ಆಗ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರ ಇರಲಿಲ್ಲ. ಏಷ್ಯನ್ ಪೇಂಟ್ಸಿನವರ ಶೇಡ್ ಕಾರ್ಡಿನ ಮೇಲೆ ಆರ್. ಕೆ. ಲಕ್ಷ್ಮಣ್ 1954ರಲ್ಲಿ ಬರೆದ ಗಟ್ಟು ಹುಡುಗ ಬ್ರಷ್ ಹಿಡಿದು ನಿಂತಿರುತ್ತಿದ್ದ. ಕಾರ್ಡಿನಲ್ಲಿದ್ದ ಬಣ್ಣ ಬೇಕಾದರೆ ಬಿಳಿ ಡಿಸ್ಟೆಂಪರಿಗೆ ಸ್ಟೇನರ್ ಶೀಸೆಯಿಂದ ಹನಿ ಹನಿ ಹಾಕಿ ಕಾಕಾನೇ ಅದನ್ನು ಹುಟ್ಟಿಸಬೇಕಿತ್ತು. ಇಡೀ ಮನೆಗೆ ಬೇಕಾದಷ್ಟನ್ನು ಒಂದೇ ಡ್ರಮ್ಮಿನಲ್ಲಿ ಕಲಸುತ್ತಿದ್ದ. ನಡುವೆ ತೀರಿದರೆ ಮತ್ತೆ ಅದೇ ಬಣ್ಣ ಬರುವುದಿಲ್ಲ ಎಂಬ ಭಯ. ಬೂದು ಬಣ್ಣದಲ್ಲಿ ಆ ಭಯ ಹತ್ತು ಪಟ್ಟು ಎಂದು ಅವನೇ ಹೇಳುತ್ತಿದ್ದ, ಕೆಂಪಿನಲ್ಲಿ ಹನಿ ಹೆಚ್ಚುಕಡಿಮೆಯಾದರೆ ಕಣ್ಣು ಬಿಟ್ಟುಕೊಡುತ್ತದೆ, ಬೂದಿಯಲ್ಲಿ ಬಿಡುವುದಿಲ್ಲ.

ಅಪ್ಪನ ಮನೆಗೆ ಆಗ ಬಿದ್ದದ್ದು ತಿಳಿ ಹಸಿರು. ಅದರ ಬಗ್ಗೆ ಹೇಳುವುದೇನಿಲ್ಲ, ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಎಲ್ಲರದೂ ತಿಳಿ ಹಸಿರೇ. ಆದರೆ ಕಿಟಕಿಯ ಸರಳಿಗೆ ಕಾಕಾ ಬೂದು ಬಣ್ಣ ಕಲಸುವಾಗ ಪಕ್ಕದಲ್ಲಿ ಕೂತು ನೋಡಿದ್ದು, ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ತಮ್ಮಾ, ಬಿಳಿಗೆ ಬರೇ ಕರಿ ಹಾಕಿದ್ರ ಗಿಲಾವು ಆಗ್ತೈತಿ. ಒಂದ ಹನಿ ನೀಲಿ ಬಿದ್ರ ಬಣ್ಣ ಆಗ್ತೈತಿ." ಮುಂದೆ ನಾನು ಹುಡುಗರಿಗೆ ಬೂದಿಯ ಏಣಿ ಮಾಡಿಸುವಾಗ ಈ ಮಾತನ್ನು ಎಷ್ಟೋ ಸಲ ಹೇಳಿದ್ದೇನೆ. ಇವತ್ತಿನ ಅಂಗಡಿಯ ಯಂತ್ರವೂ ಮಾಡುವುದು ಇಷ್ಟನ್ನೇ. ಬಿಳಿಯ ಬೇಸ್‌ಗೆ ಕಪ್ಪಿನ ಜೊತೆ ನೀಲಿ ಹೋದರೆ ತಂಪು ಬೂದು. ಕಪ್ಪಿನ ಜೊತೆ ಹಳದಿಯೋ ಕಾವಿಯೋ ಹೋದರೆ ಬೆಚ್ಚನೆಯ ಬೂದು.

2019ರ ಆಗಸ್ಟಿನ ಬಗ್ಗೆ ಬರೆಯದೆ ಮುಂದೆ ಹೋಗುವಂತಿಲ್ಲ. ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೆ ಏರಿ ಊರಿನ ತಗ್ಗಿನ ಓಣಿಗಳೊಳಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ನಾವು ಎತ್ತರದ ಶಾಲೆಯೊಂದರಲ್ಲಿ ಆಶ್ರಯ ಪಡೆದೆವು. ನೀರು ಇಳಿದು ಮನೆಗೆ ಬಂದಾಗ ಗೋಡೆಯ ಮೇಲೆ ಎದೆಯೆತ್ತರಕ್ಕೆ ಒಂದು ಗೆರೆ. ಅದರ ಕೆಳಗಿನ ಹಸಿರೆಲ್ಲ ರಾಡಿಯ ಬಣ್ಣ, ಒಣಗುತ್ತ ಹೋದ ಹಾಗೆ ಬೂದು. ಅವ್ವ ತೀರಿಕೊಂಡು ಕೆಲ ವರ್ಷಗಳಾಗಿದ್ದವು. ಅವಳಿದ್ದಿದ್ದರೆ ಅಂದೇ ನೀರು ಹಾಕಿ ತಿಕ್ಕಲು ಕೂಡುತ್ತಿದ್ದಳು.

ಮುದುಕನಾಗಿದ್ದ ಕಾಕಾ ಕೋಲು ಊರಿಕೊಂಡು ಬಂದ. ಗೋಡೆಗೆ ಅಂಗೈ ಒತ್ತಿ ಹಿಡಿದು ನಿಂತ. "ಈಗ ಮುಟ್ಟಬ್ಯಾಡ್ರಿ. ಗ್ವಾಡಿ ಉಸಿರ ಬಿಡ್ಲಿ," ಅಂದ. ಮುಂದಿನ ಬೇಸಿಗೆ ಕಳೆಯುವವರೆಗೆ ಪುಟ್ಟಿ, ಪ್ರೈಮರ್ ಏನನ್ನೂ ತಾಕಿಸಕೂಡದು ಎಂದು ಕಟ್ಟುಮಾಡಿದ. ಅವಸರ ಮಾಡಿ ಬಣ್ಣ ಹಚ್ಚಿದ ಎಷ್ಟೋ ಮನೆಗಳಲ್ಲಿ ಒಳಗಿನ ತೇವ ಉಪ್ಪನ್ನು ಹೊರಗೆ ತಂದು ಬಣ್ಣವನ್ನು ಹಪ್ಪಳದಂತೆ ಎಬ್ಬಿಸಿತು. ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿ ಕಂತಿನಲ್ಲಿ ಕೊಟ್ಟಿತು. ಆ ರೊಕ್ಕದಲ್ಲಿ ಗೋಡೆ ಎದ್ದು ಛಾವಣಿ ಬಿದ್ದರೆ ಅದೇ ದೊಡ್ಡದು. ಹೀಗಾಗಿ ನೆರೆಯ ನಂತರ ಹೊಳೆಸಾಲಿನ ಊರುಗಳಲ್ಲಿ ಹೊಸದಾಗಿ ಎದ್ದ ಓಣಿಗಳೆಲ್ಲ ಗಿಲಾವಿನ ಬಣ್ಣದ್ದೇ. ಬೂದು ನಮಗೆ ಯಾಕೆ ಸೇರುವುದಿಲ್ಲ ಎಂದು ಕೇಳುವ ಒಳಾಂಗಣದ ಪಂಡಿತರು ಒಂದು ಸಲ ಅಲ್ಲಿ ತಿರುಗಾಡಿ ಬರಬೇಕು.

ಮೂಡಲಗಿಯ ಮನೆಯ ಜಗಳ ಎದ್ದದ್ದು ಇದಾದ ಎರಡು ವರ್ಷಕ್ಕೆ. ಅಕ್ಕನ ಮಗ, ಅಂದರೆ ನನ್ನ ಅಳಿಯ, ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ. ಕೊರೊನಾ ಕಾಲದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದ. ಗಿಲಾವು ಮುಗಿದು ಪುಟ್ಟಿ ಆದ ಮೇಲೆ ಮೊಬೈಲಿನಲ್ಲಿ ಒಂದು ಪಟ ತೋರಿಸಿದ. ಬೂದು ಗೋಡೆ, ಬಿಳಿ ಕಿಟಕಿ, ಬೂದು ಸೋಫಾ. ಅಮೆರಿಕ, ಇಂಗ್ಲೆಂಡಿನ ಮನೆಗಳಲ್ಲಿ ಅದರ ಹಿಂದಿನ ಹತ್ತು ವರ್ಷ ಇದೇ ಚಾಲ್ತಿ. ಅಲ್ಲಿಂದ ಪುಣೆಗೆ ಬಂದು, ಪುಣೆಯಿಂದ ಮೂಡಲಗಿಗೆ ಬಂದಿತ್ತು. ಬಣ್ಣಗಳಿಗೆ ಹೆಸರು, ನಂಬರು ಕೊಡುವ ಅಮೆರಿಕದ ಪ್ಯಾಂಟೋನ್ ಕಂಪನಿ 2021ರ ವರ್ಷದ ಬಣ್ಣವೆಂದು ಒಂದು ಬೂದನ್ನೂ ಒಂದು ಹಳದಿಯನ್ನೂ ಜೋಡಿಯಾಗಿ ಆರಿಸಿತ್ತು, ಅಳಿಯ ಅದನ್ನೂ ಓದಿ ಹೇಳಿದ.

ಅಕ್ಕ ಕೇಳಿಸಿಕೊಂಡು ಸುಮ್ಮನೆ ಕೂತಿದ್ದಳು. ಕೊನೆಗೆ ಅಂದಳು, "ಯಪ್ಪಾ, ನಾ ಈ ಮನಿಗೆ ನಡಿಯಾಕ ಬಂದಾಗಿಂದ ಗ್ವಾಡಿಗೆ ಬಣ್ಣ ಬೀಳ್ಲಿ ಅಂತ ಕಾದೀನಿ. ಈಗ ಬಣ್ಣ ಹಚ್ಚಿದ ಮ್ಯಾಲೂ ಗಿಲಾವಿನಂಗ ಕಾಣಬೇಕೇನು? ಬಂದವರು ರೊಕ್ಕ ತೀರಿತೇನವ್ವಾ ಅಂತ ಕೇಳಿದ್ರ ಏನ ಹೇಳ್ಲಿ?" ಅಳಿಯನಿಗೆ ಉತ್ತರ ತೋಚಲಿಲ್ಲ. ನನ್ನ ಕಡೆ ನೋಡಿದ. "ಮಾಮಾ, ನೀವರೆ ಹೇಳ್ರಿ, ನೀವು ಡ್ರಾಯಿಂಗ್ ಮಾಸ್ತರ."

ನಾನು ಹೇಳಿದ್ದು ಇಷ್ಟೆ: ಮೊಬೈಲಿನಲ್ಲಿರುವುದು ಅವರ ಮನೆ, ಅವರ ಕಿಟಕಿ, ಅವರ ಬಿಸಿಲು. ನಮ್ಮ ಗೋಡೆಯ ಮೇಲೆಯೇ ಹಚ್ಚಿ ನೋಡೋಣ. ಎರಡು ಮೂರು ಬೂದುಗಳ ಸಣ್ಣ ಡಬ್ಬಿ ತರಿಸಿ, ಪ್ರತಿ ಕೋಣೆಯಲ್ಲೂ ಕಿಟಕಿಯ ಎದುರಿಗೊಂದು, ಮೂಲೆಗೊಂದು, ಎರಡು ಅಡಿ ಚೌಕದ ತೇಪೆ ಹಚ್ಚಿಸಿದೆ. ಕಾಕಾನನ್ನೂ ಕಾರಿನಲ್ಲಿ ಕರೆತಂದೆವು. ಅವನು ಕುರ್ಚಿ ಹಾಕಿಸಿಕೊಂಡು ಕೋಣೆಯಿಂದ ಕೋಣೆಗೆ ಬಿಸಿಲಿನ ಹಿಂದೆ ಹೋದ.

ಅಲ್ಲಿ ನೋಡಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮನೆ ಕಟ್ಟುವವರಿಗೆ ಉಪಯೋಗವಾದೀತು. ಪಡಸಾಲೆ ಉದ್ದಕ್ಕಿತ್ತು, ಅಕ್ಕಪಕ್ಕದ ಮನೆಗಳ ಗೋಡೆ ತಾಗಿದ್ದರಿಂದ ಕಿಟಕಿ ಇದ್ದದ್ದು ಮುಂದೆ ಮಾತ್ರ, ಅದೂ ಉತ್ತರಕ್ಕೆ. ಉತ್ತರದಿಂದ ಬರುವುದು ಹೆಚ್ಚಾಗಿ ನೇರ ಬಿಸಿಲಲ್ಲ, ಆಕಾಶದ ಬೆಳಕು. ಅದರಲ್ಲಿ ನೀಲಿ ಜಾಸ್ತಿ. ಮೊದಲೇ ನೀಲಿ ಬೆರೆತ ಬೂದಿಗೆ ಆ ಬೆಳಕು ಬಿದ್ದರೆ ನೀಲಿಯ ಮೇಲೆ ನೀಲಿ. ಒಳಮೂಲೆಯ ತೇಪೆಯಂತೂ ಮಧ್ಯಾಹ್ನಕ್ಕೇ ಮುಸ್ಸಂಜೆಯಾಗಿತ್ತು. ಒಳ್ಳೆಯ ಬಿಳಿ ಬಣ್ಣ ಬಿದ್ದ ಬೆಳಕಿನಲ್ಲಿ ಶೇ 80ಕ್ಕೂ ಹೆಚ್ಚನ್ನು ತಿರುಗಿ ಕೊಡುತ್ತದೆ. ನಡುಮಟ್ಟದ ಬೂದು ಅದರ ಅರ್ಧವನ್ನೂ ಕೊಡುವುದಿಲ್ಲ. ಬೆಳಕೇ ಕಡಿಮೆ ಇರುವಲ್ಲಿ ಇದ್ದದ್ದನ್ನೂ ನುಂಗುವ ಗೋಡೆ ಏಕೆ?

ಅದರ ಮೇಲೆ ನೆಲದ ತಕರಾರು. ಅಳಿಯ ನೆಲಕ್ಕೆ ಹಾಕಿಸಿದ್ದು ಹಳದಿ ಛಾಯೆಯ ಕೆನೆಬಣ್ಣದ ಟೈಲ್ಸು. ಅದರ ಪಕ್ಕದಲ್ಲಿ ಬೂದು ಗೋಡೆ ನೇರಳೆಗೆ ಹೊರಳಿತ್ತು. "ಡಬ್ಬ್ಯಾಗ ಹಿಂಗಿರಲಿಲ್ಲಲಾ?" ಎಂದು ಅಳಿಯ ಅಂಗಡಿಯವನಿಗೆ ಫೋನ್ ಮಾಡಲು ಹೊರಟ. ಅಂಗಡಿಯವನದು ತಪ್ಪಿರಲಿಲ್ಲ. ಫ್ರಾನ್ಸಿನಲ್ಲಿ ಷೆವ್ರಲ್ ಎಂಬ ರಸಾಯನಶಾಸ್ತ್ರಿಗೆ ಇದೇ ಬಗೆಯ ದೂರು ಬಂದಿತ್ತು. ಪ್ಯಾರಿಸ್ಸಿನ ಗೊಬೆಲಿನ್ ಜಮಖಾನೆ ಕಾರಖಾನೆಯ ಬಣ್ಣದ ಖಾತೆಗೆ ಅವನು 1824ರಲ್ಲಿ ಮುಖ್ಯಸ್ಥನಾದ. ನಿಮ್ಮ ಕಪ್ಪು ದಾರಕ್ಕೆ ಕಸುವಿಲ್ಲ ಎಂದು ನೇಯುವವರು ಗೊಣಗುತ್ತಿದ್ದರು. ಪರೀಕ್ಷೆ ಮಾಡಿದರೆ ದಾರದಲ್ಲಿ ದೋಷವಿಲ್ಲ. ಪಕ್ಕಕ್ಕೆ ನೀಲಿ ಬಂದಾಗ ಆ ಕಪ್ಪು ಮಂಕಾಗಿ ಕಾಣುತ್ತಿತ್ತು. ಒಂದು ಬಣ್ಣ ತನ್ನ ವಿರುದ್ಧದ ಬಣ್ಣವನ್ನು ನೆರೆಯವನ ಮೇಲೆ ಚೆಲ್ಲುತ್ತದೆ ಎಂದು ಅವನು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಹಳದಿಯ ಪಕ್ಕದ ಬೂದು ನೇರಳೆಯಾಗುವುದು, ಕೆಂಪಿನ ಪಕ್ಕದ ಬೂದು ಹಸಿರಾಡುವುದು ಇದರಿಂದಲೇ. ಹುರಮಂಜಿನ ಕೆಂಪು ನೆಲ ಇನ್ನೂ ಉಳಿದಿರುವ ಹಳೆಯ ಮನೆಗಳಿಗೆ ತಂಪು ಬೂದು ಹಚ್ಚಿದವರು ಪಾಚಿ ಕಟ್ಟಿದಂತೆ ಕಾಣುತ್ತದೆ ಎನ್ನುವುದು ಕೂಡ ಸುಳ್ಳಲ್ಲ.

ರಾತ್ರಿ ಮತ್ತೊಂದು ಪರೀಕ್ಷೆ. ಮನೆಗೆ ಹಾಕಿದ್ದೆಲ್ಲ ಬಿಳಿ ಎಲ್‌ಇಡಿ, 6,500 ಕೆಲ್ವಿನ್ನಿನದು. ನಮ್ಮ ಕಡೆ ದೀಪ ಎಂದರೆ ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗಿರಬೇಕು, ಹಳದಿ ದೀಪ ಬಡತನದ್ದು. ಆ ಬೆಳಕಿನಲ್ಲಿ ಬೂದು ಗೋಡೆಯ ಮುಂದೆ ಕೂತ ಅಕ್ಕನ ಮುಖ ಹುಕ್ಕೇರಿಯ ಮಾವಂದಿರ ಮುಖದಂತೆಯೇ ಕಂಡಿತು. 3,000 ಕೆಲ್ವಿನ್ನಿನ ದೀಪ ತಂದು ಹಾಕಿದೆವು. ಅದೇ ತೇಪೆ ಕಲ್ಲಿನ ಬಣ್ಣಕ್ಕೆ ಬಂದು ಕೂತಿತು. ಅಕ್ಕ ಏನೂ ಹೇಳಲಿಲ್ಲ. ಆದರೆ ಎದ್ದು ಹತ್ತಿರ ಹೋಗಿ ನೋಡಿದಳು.

ಬೂದು ಗೆದ್ದದ್ದು ಪಶ್ಚಿಮದ ಕೋಣೆಯಲ್ಲಿ. ಅಲ್ಲಿ ಎರಡು ದೊಡ್ಡ ಕಿಟಕಿ. ಮಾರ್ಚಿನಿಂದ ಮೇ ತನಕ ಮಧ್ಯಾಹ್ನ ಎರಡರ ಮೇಲೆ ಒಳಗೆ ಕೂಡುವಂತಿಲ್ಲ. ಬಿಳಿ ಪುಟ್ಟಿಯ ಗೋಡೆ ಆ ಬಿಸಿಲನ್ನು ಕಣ್ಣಿಗೆ ಎಸೆಯುತ್ತಿತ್ತು. ತೇಪೆ ಇದ್ದ ಕಡೆ ಕಣ್ಣಿಗೆ ವಿಶ್ರಾಂತಿ. ಇಳಿಬಿಸಿಲಿನ ಕೆಂಪುಹಳದಿ ಬೂದಿನೊಳಗಿನ ನೀಲಿಯನ್ನು ಅಷ್ಟಕ್ಕಷ್ಟು ತೂಗಿ, ಗೋಡೆ ನಿಜವಾದ ಬೂದಾಗಿ ನಿಂತಿತು. ಕೋಣೆಯ ಉಷ್ಣತೆ ಒಂದು ಡಿಗ್ರಿಯೂ ಇಳಿಯಲಿಲ್ಲ ಎನ್ನಿ. ತಂಪಾದದ್ದು ಕಣ್ಣು ಮಾತ್ರ. ಕಾಕಾ ಕುರ್ಚಿಯಿಂದ ಏಳದೆ ತೀರ್ಪು ಕೊಟ್ಟ: "ಇಲ್ಲೆ ಹಚ್ಚ್ರಿ. ಪಡಸಾಲಿಗೆ ಬ್ಯಾಡ."

ಇನ್ನೊಂದು ಕಾರಣ ಅಕ್ಕನೇ ಕಂಡುಕೊಂಡದ್ದು. ಮೂಡಲಗಿ ಸುತ್ತ ಕಬ್ಬು. ಕಟಾವಿನ ಹಂಗಾಮಿನಲ್ಲಿ ಹೊಲದಲ್ಲಿ ರವದಿ ಸುಟ್ಟರೆ ಕರಿ ಎಳೆಗಳು ಗಾಳಿಯಲ್ಲಿ ತೇಲಿಬಂದು ಮಾಳಿಗೆ, ಮೆಟ್ಟಿಲು, ಒಣಹಾಕಿದ ಅರಿವೆ ಎಲ್ಲದರ ಮೇಲೂ ಕೂಡುತ್ತವೆ. ಒರೆಸಲು ಹೋದರೆ ಬಿಳಿ ಗೋಡೆಗೆ ಮಸಿಯ ಬಳಿ. ಮೆಟ್ಟಿಲ ಗೋಡೆಗೆ ಬೂದು ಹಚ್ಚಿಸಲು ಆಕೆಯೇ ಹೇಳಿದಳು. ಮಗ ನಕ್ಕರೆ, "ಅದು ಚಂದಕ್ಕಲ್ಲೋ, ತಿಕ್ಕೂದು ತಪ್ಪತೈತಿ," ಅಂದಳು.

ಕೆಲಸ ನಡೆದಾಗ ಕಾಕಾ ಒಂದೇ ಕಡೆ ಪಟ್ಟು ಹಿಡಿದ, ಅಂಚು. ಬೂದು ಗೋಡೆ ಮತ್ತು ಛತ್ತು ಕೂಡುವ ಗೆರೆ ಹುರಿ ಹಿಡಿದಂತೆ ನೇರ ಇರಬೇಕು. ಬಾಗಿಲು ಕಿಟಕಿಯ ಚೌಕಟ್ಟು ಅಚ್ಚ ಬಿಳಿ ಇರಬೇಕು. ಬಣ್ಣದಲ್ಲಿ ತುಸು ಹೊಳಪು ಇರಬೇಕು. ಗಿಲಾವಿಗೂ ಬೂದು ಬಣ್ಣಕ್ಕೂ ಇರುವ ವ್ಯತ್ಯಾಸ ಅಷ್ಟರಲ್ಲೇ ಎಂದು ಅವನ ಮಾತು. ಗಿಲಾವಿಗೆ ಅಂಚು ಇರುವುದಿಲ್ಲ. ಅದು ಎಲ್ಲೆಂದರಲ್ಲಿ ಶುರುವಾಗಿ ಎಲ್ಲೆಂದರಲ್ಲಿ ಮುಗಿಯುತ್ತದೆ. ಯಾರೋ ಬೇಕೆಂದೇ ಹಚ್ಚಿಸಿದ್ದಾರೆ ಎಂದು ನೋಡಿದವರಿಗೆ ತಿಳಿಯಬೇಕಾದರೆ ಅಂಚು ಬೇಕು. ಅಕ್ಕನ ಭಯಕ್ಕೆ ಪರಿಹಾರ ಕೊಟ್ಟದ್ದು ಪ್ಯಾಂಟೋನೂ ಅಲ್ಲ, ಷೆವ್ರಲ್ಲನೂ ಅಲ್ಲ, ಕಾಕಾನ ಈ ಬಿಳಿ ಗೆರೆ.

ಗೃಹಪ್ರವೇಶದ ದಿನ ಪಡಸಾಲೆ ಬೆಚ್ಚನೆಯ ಬಿಳಿ, ಪಶ್ಚಿಮದ ಕೋಣೆ ಮತ್ತು ಮೆಟ್ಟಿಲು ಬೂದು. ಹೊಸ್ತಿಲಿಗೆ ಅರಿಷಿಣ ಹಚ್ಚಿ ಕುಂಕುಮ ಇಟ್ಟಾಗ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಪಡಸಾಲೆಯ ಹೊಸ್ತಿಲಿಗಿಂತ ಈ ಹೊಸ್ತಿಲ ಅರಿಷಿಣ ಹೆಚ್ಚು ಹಳದಿ, ಕುಂಕುಮ ಹೆಚ್ಚು ಕೆಂಪು. ಬಟ್ಟೆಯ ಉದ್ಯಮದಲ್ಲಿ ಬಣ್ಣ ಹೊಂದಿಸಿ ನೋಡುವ ಪೆಟ್ಟಿಗೆಯ ಒಳಮೈಗೆ ಬೂದು ಬಳಿಯುವುದು ಇದೇ ಕಾರಣಕ್ಕೆ: ಬೂದು ತಾನು ಮಾತಾಡದೆ ಉಳಿದವರನ್ನು ಮಾತಾಡಲು ಬಿಡುತ್ತದೆ. ಬಂದ ಹೆಂಗಸರ ಇಳಕಲ್ ಸೀರೆಗಳೆಲ್ಲ ಆ ಮೆಟ್ಟಿಲಲ್ಲಿ ಎದ್ದು ಕಂಡವು. ಪ್ಯಾಂಟೋನಿನವರು ಕೊರೊನಾ ವರ್ಷದಲ್ಲಿ ಕಂಡುಹಿಡಿದ ಹಳದಿ ಬೂದುಗಳ ಜೋಡಿ ಶಹಾಬಾದ ಫರಸಿಯ ನೆಲಕ್ಕೆ ಅರಿಷಿಣದ ಹೊಸ್ತಿಲಿಟ್ಟವರ ಮನೆಗಳಲ್ಲಿ ಆಗಲೇ ಇತ್ತು. ಗೋಕಾಕದ ಗ್ರಾಮದೇವತೆಯರ ಜಾತ್ರೆಯಲ್ಲಿ ಭಂಡಾರ ಹಾರಿಸಿದ ಮೇಲೆ, ಬಣ್ಣ ಕಾಣದ ಗಿಲಾವಿನ ಮನೆಗಳಿಗೂ ಅದೇ ಜೋಡಿ ಪುಕ್ಕಟೆ ಸಿಗುತ್ತದೆ.

ಬಂದವರಲ್ಲಿ ಒಬ್ಬಿಬ್ಬರು ಮೆಟ್ಟಿಲ ಹತ್ತಿರ ನಿಂತು ಅಕ್ಕನನ್ನು ಕೇಳಿದ್ದೂ ನಿಜ: "ಇಲ್ಲೆ ಬಣ್ಣ ಉಳೀತೇನ್ರಿ?" ಅಕ್ಕ ಆಗ ಮಗನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. "ಇದ ಬಣ್ಣ ರೀ. ಬಿಳೇದಕ್ಕಿಂತ ತುಟ್ಟಿ," ಅಂದಳು.

ಕಾಕಾ ಮರುವರ್ಷ ಹೋಗಿಬಿಟ್ಟ. ನೆರೆಯಲ್ಲಿ ನೆಂದ ಗೋಕಾಕದ ಮನೆಗೆ 2021ರ ಜುಲೈಯಲ್ಲಿ, 2024ರ ಜುಲೈಯಲ್ಲಿ ಮತ್ತೆ ಹೊಳೆಯ ಭಯ ಬಂತು. ಹೊಳೆಗೆ ಹತ್ತಿರದ ಮನೆಯ ಕೆಳಗೋಡೆಗೆ ದುಬಾರಿ ಬಣ್ಣ ಹಚ್ಚುವುದರಲ್ಲಿ ಅರ್ಥವಿಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ; ಅಲ್ಲಿ ಉಸಿರಾಡುವ ಸುಣ್ಣವೇ ಸರಿ, ನೀಲಿ ಒಂದು ಚಿಟಿಕೆ. ಗಟ್ಟಿ ಜಾಗದಲ್ಲಿ, ಪಶ್ಚಿಮದ ಬಿಸಿಲು ತಿನ್ನುವ ಕೋಣೆ ಇದ್ದವರು ತಂಪು ಬೂದನ್ನು ಧೈರ್ಯವಾಗಿ ಹಚ್ಚಿಸಿರಿ, ಉತ್ತರದ ಉದ್ದ ಪಡಸಾಲೆಗೆ ಮಾತ್ರ ಬೇಡ. ಮೊದಲು ದೀಪ ಬದಲಿಸಿರಿ, ಎರಡು ಅಡಿ ತೇಪೆ ಹಚ್ಚಿ ಬೆಳಿಗ್ಗೆಯೂ ರಾತ್ರಿಯೂ ನೋಡಿರಿ, ಮತ್ತು ಪೇಂಟರಿಗೆ ಅಂಚು ಎಳೆಯಲು ಒಂದು ದಿನದ ಕೂಲಿ ಹೆಚ್ಚಿಗೆ ಕೊಡಿರಿ.